ಥೊರಾಂಗ್ ಲಾ ಕಣಿವೆಗೆ ಅಕ್ಕನ ಗಂಡುದಿಕ್ಕಾಗಿ ಹೋದದ್ದು

ಹಾರನಹಳ್ಳಿಯಿಂದ ಗಡಿಯವರೆಗೆ

ನಮ್ಮ ಹಾರನಹಳ್ಳಿ ಹೋಬಳಿಯಿಂದ ಹೊರದೇಶಕ್ಕೆ ನಡೆದುಕೊಂಡು ಹೋದ ಮೊದಲ ಗಂಡಸು ನಾನೇ ಎಂಬ ಮಾತು ಊರಲ್ಲಿದೆ. ಆ ಮಾತನ್ನು ಹಬ್ಬಿಸಿದವನೂ ನಾನೇ. ನಡೆದುಕೊಂಡು ಎಂದರೆ ಪೂರ್ತಿ ಅಲ್ಲ. ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿಗೆ ಬಸ್ಸು, ಗಡಿಯ ಕಮಾನಿನ ಕೆಳಗೆ ಮಾತ್ರ ಕಾಲು. ಆದರೂ ಈ ಕಾಲು ಇಂಡಿಯಾದಲ್ಲಿ ಎದ್ದು ನೇಪಾಳದಲ್ಲಿ ಊರಿದ್ದು ಸುಳ್ಳಲ್ಲ.

ಹೋದದ್ದು ಅಕ್ಕನಿಗಾಗಿ. ಅಕ್ಕ ಶೋಭಾ ಹುಣಸೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಾಳೆ. ಓದು ನೆಪಕ್ಕೆ, ಹತ್ತುವುದು ಕಸುಬು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮಾಡು, ಹುಣಸೆಮರ, ನೀರಿನ ಟ್ಯಾಂಕು, ಯಾವುದನ್ನೂ ಬಿಟ್ಟವಳಲ್ಲ. ಬೆಟ್ಟದಪುರದ ಬೆಟ್ಟವನ್ನು ಒಮ್ಮೆ ಹತ್ತಿ ಇಳಿದು, ಕೆಳಗೆ ಕೂತು ಮಂಡಕ್ಕಿ ತಿಂದು, ಮೇಲೆ ಮರೆತು ಬಂದ ನೀರಿನ ಬಾಟಲಿಗಾಗಿ ಮತ್ತೆ ಹತ್ತಿದವಳು. ಉತ್ತರದ ಕಡೆ ಪರ್ವತ ಹತ್ತುವುದನ್ನು ಕಲಿಸುವ ತರಬೇತಿ ಇದೆಯಂತೆ. ಅದಕ್ಕೆ ಹೋಗಬೇಕು, ಆಮೇಲೆ ಜನರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಗೈಡ್ ಆಗಬೇಕು ಎಂದು ಅವಳ ಆಸೆ. ಬಿಎಡ್ ಮಾಡಿ ಪಿರಿಯಾಪಟ್ಟಣದಲ್ಲಿ ಟೀಚರ್ ಆಗಲಿ ಎಂದು ಅಪ್ಪನ ಆಸೆ.

ಈ ಎರಡು ಆಸೆಗಳು ನಮ್ಮ ಮನೆಯ ಹಜಾರದಲ್ಲಿ ಎರಡು ಹೋರಿಗಳ ಹಾಗೆ ಗುದ್ದಾಡಿಕೊಂಡಿದ್ದವು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪ ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಚಿಮುಕಿಸುತ್ತಾ ತೀರ್ಪು ಕೊಟ್ಟರು.

"ಆ ನೇಪಾಳದ ಕಣಿವೆ ಅಂತ ಫೋನಲ್ಲಿ ತೋರುಸ್ತಿದ್ದಲ್ಲ, ಅದನ್ನ ದಾಟ್ಕೊಂಡು ಬಾ. ನಿನ್ ತಮ್ಮನ್ನೂ ದಾಟುಸ್ಕೊಂಡು ಬಾ. ಇಬ್ರೂ ನೆಟ್ಟಗೆ ಆ ಕಡೀಕೆ ಇಳುದ್ರೆ ಟ್ರೈನಿಂಗು. ಇಲ್ದಿದ್ರೆ ಬಿಎಡ್ಡು. ಆಮೇಕೆ ಇನ್ನೊಂದ್ ಮಾತಾಡಂಗಿಲ್ಲ."

"ಇವನ್ಯಾಕಪ್ಪ? ಬೆಟ್ಟದಪುರದಲ್ಲೇ ಅರ್ಧಕ್ಕೆ ಕುಂತ್ಕತಾನೆ."

"ಎಣ್ಮಗ ಒಬ್ಳೇ ಓಗದಾ? ಒಂದು ಗಂಡುದಿಕ್ಕು ಬ್ಯಾಡ್ವಾ?"

ಗಂಡುದಿಕ್ಕು ಎಂದು ಅಪ್ಪ ಕೈ ತೋರಿಸಿದಾಗ ನಾನು ಹಿಂದೆ ತಿರುಗಿ ನೋಡಿದೆ, ಚಿಕ್ಕಪ್ಪ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚನೆ ಮಾಡುತ್ತಿದ್ದ ನಾನೇ ಆ ದಿಕ್ಕು. ಆಮೇಲೆ ಅಪ್ಪ ನನ್ನೊಬ್ಬನನ್ನೇ ಕರೆದು, ದಿನಾ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಬೇಕು ಎಂದರು. "ನಾನು ಯಾವತ್ತಪ್ಪ ಇಲ್ದೇ ಇರದು ಯೋಳಿವ್ನಿ?" ಎಂದೆ. ಅಪ್ಪ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಪಂಪ್ ಆಫ್ ಮಾಡಲು ಹೋದರು.

ಗಡಿಯಲ್ಲಿ ಪೊಲೀಸಿನವರು ಚೀಲ ಬಿಚ್ಚಿಸಿದರು. ಅವ್ವ ಕಟ್ಟಿಕೊಟ್ಟ ರಾಗಿಹಿಟ್ಟು ಹೊರಗೆ ಬಂತು. ಕವರಿನೊಳಗೊಂದು ಕವರು, ಅದರೊಳಗೆ ಇನ್ನೊಂದು, ಒಳಗೆ ಬೂದು ಬಣ್ಣದ ಪುಡಿ. ನಾಲ್ಕೂ ಕಡೆಯಿಂದ ಬಂದೂಕಿನವರು ನಮ್ಮನ್ನು ಸುತ್ತುವರಿದರು ಎಂದು ನಾನು ಊರಲ್ಲಿ ಹೇಳುತ್ತೇನೆ. ಇದ್ದದ್ದು ಒಬ್ಬ, ಅವನ ಕೈಯಲ್ಲಿದ್ದದ್ದು ಟೀ ಲೋಟ. ಅವನು ಹಿಟ್ಟನ್ನು ಮೂಸಿದ, ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡ. ಅಕ್ಕ ತನಗೆ ಬರುವ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ವಾದಕ್ಕೆ ಸಿದ್ಧಳಾಗುತ್ತಿದ್ದಳು. ಅಷ್ಟರಲ್ಲಿ ಅವನ ಮುಖ ಅರಳಿತು. "ಕೋದೋ," ಎಂದ. ಅವರ ಹಳ್ಳಿಗಳಲ್ಲೂ ಇದನ್ನೇ ಬೆಳೆಯುತ್ತಾರಂತೆ, ಕುದಿಯುವ ನೀರಿಗೆ ಹಾಕಿ ತಿರುವಿ 'ಧಿಂಡೋ' ಮಾಡಿ ತಿನ್ನುತ್ತಾರಂತೆ, ಅಗಿಯದೆ ನುಂಗುತ್ತಾರಂತೆ. ಕವರುಗಳನ್ನು ಅವ್ವನಿಗಿಂತ ಗಟ್ಟಿಯಾಗಿ ಕಟ್ಟಿ ಕೊಟ್ಟು ಕೈ ಮುಗಿದ. ನನ್ನ ಗುರುತಿನ ಚೀಟಿಯನ್ನು ಮಾತ್ರ ಎರಡು ಸಲ ತಿರುಗಿಸಿ ನೋಡಿದ.

ಜಗತ್

ಜಗತ್ ಎಂಬುದು ಒಂದು ಹಳ್ಳಿಯ ಹೆಸರು. ಜೀಪಿನಿಂದ ಅಲ್ಲಿ ಇಳಿದೆವು. ಮುಂದಿನ ದಾರಿ ಮರ್ಸ್ಯಾಂಗ್ದಿ ನದಿಯ ಕಮರಿಯೊಳಗೆ, ಕಾಲ ಮೇಲೆ. ಅಕ್ಕ ಮೊದಲೇ ಗೊತ್ತು ಮಾಡಿದ್ದ ಗೈಡ್ ದಿಲ್‌ಮಾಯಾ ಅಲ್ಲಿಯೇ ಕಾಯುತ್ತಿದ್ದರು. ಗುರುಂಗ್ ಜನಾಂಗದ ಹೆಂಗಸು, ನಮ್ಮ ಚಿಕ್ಕಮ್ಮನ ವಯಸ್ಸು, ಅಕ್ಕನ ಎದೆಯವರೆಗೆ ಬರುವ ಎತ್ತರ. ದೀದಿ ಎಂದು ಕರೆದೆವು. ಹೆಂಗಸೊಬ್ಬಳು ಈ ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಅಕ್ಕ, ಮೊದಲ ದಿನವೆಲ್ಲ ದೀದಿಯ ಹಿಂದೆ ಕರು ಓಡಿದ ಹಾಗೆ ಓಡಿದಳು.

ನದಿ ಎಂದರೆ ನನಗೆ ಹನಗೋಡಿನ ಲಕ್ಷ್ಮಣತೀರ್ಥ. ಬೇಸಿಗೆಯಲ್ಲಿ ಎಮ್ಮೆ ಮಲಗಿದರೆ ಅದರ ಬೆನ್ನು ನೆನೆಯುವುದಿಲ್ಲ. ಮರ್ಸ್ಯಾಂಗ್ದಿ ಹಾಗಲ್ಲ. ಕಬಿನಿ ಡ್ಯಾಮಿನ ಬಾಗಿಲುಗಳನ್ನೆಲ್ಲ ಒಂದೇ ಸಲ ಎತ್ತಿ, ಆ ನೀರನ್ನು ನಮ್ಮ ಮನೆಯ ಓಣಿಯಲ್ಲಿ ನುಗ್ಗಿಸಿದರೆ ಹೇಗಿರುತ್ತದೋ ಹಾಗೆ. ನೀರು ಹಾಲಿನ ಬಣ್ಣ. ಮನೆಯಷ್ಟು ದೊಡ್ಡ ಬಂಡೆಗಳು ಅದರ ನಡುವೆ ಬೈಸಿಕೊಂಡವರ ಹಾಗೆ ತಲೆ ತಗ್ಗಿಸಿ ಕೂತಿವೆ. ಎರಡೂ ಕಡೆ ಗೋಡೆಯಂಥ ಬೆಟ್ಟ, ಮೇಲೆ ಒಂದು ಸೀಳು ಆಕಾಶ. ಆ ಗೋಡೆಗಳ ತುದಿಯಿಂದ ನೀರು ಬೀಳುತ್ತದೆ. ಬೀಳುತ್ತದೆ ಎಂದೆನಷ್ಟೆ, ನೆಲ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಅರ್ಧ ದಾರಿಯಲ್ಲೇ ಹೊಗೆಯಾಗಿ ಗಾಳಿಯಲ್ಲಿ ಎತ್ತಲೋ ಹೋಗಿಬಿಡುತ್ತದೆ. ಕುತ್ತಿಗೆ ಎತ್ತಿ ಎತ್ತಿ, ಮಧ್ಯಾಹ್ನದ ಹೊತ್ತಿಗೆ ನನಗೆ ನೇರ ನೋಡುವುದೇ ಮರೆತುಹೋಗಿತ್ತು. ನದಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅದೇ ನನಗೆ ದೊಡ್ಡ ಕಷ್ಟವಾಯಿತು.

ದಾರಿಯುದ್ದಕ್ಕೂ ತೂಗುಸೇತುವೆಗಳು. ಮೊದಲನೆಯದನ್ನು ದಾಟುವ ಮೊದಲು ದೀದಿ ಕೈ ಅಡ್ಡ ಹಿಡಿದು, ಆ ಕಡೆ ಗಂಟೆ ಸದ್ದು ಕೇಳಿದರೆ ನಿಲ್ಲಬೇಕು ಎಂದರು. ನಾನು ಕೇಳಿಸಿಕೊಳ್ಳದವನಂತೆ ಸೇತುವೆಗೆ ಇಳಿದೆ. ನಾಗರಹೊಳೆ ಕಡೆಯಿಂದ ಹೊಲಕ್ಕೆ ಬರುವ ಆನೆಗಳನ್ನು ಪಟಾಕಿ ಹೊಡೆದು ಓಡಿಸುವವರ ಊರಿನವನು ನಾನು, ಗಂಟೆಗೆ ಹೆದರುತ್ತೇನೆಯೇ? ನಡು ಸೇತುವೆಯಲ್ಲಿದ್ದಾಗ ಎದುರಿನಿಂದ ಗ್ಯಾಸ್ ಸಿಲಿಂಡರ್ ಹೊತ್ತ ಹೇಸರಗತ್ತೆಗಳು ಸಾಲಾಗಿ ಬಂದವು. ಸೇತುವೆ ನಮ್ಮ ಹೊಲದ ಬದುವಿಗಿಂತ ಕಿರಿದು. ಕೆಳಗೆ ಆ ಬಿಳೀ ನೀರು. ಹೇಸರಗತ್ತೆ ಹಿಂದಕ್ಕೆ ನಡೆಯುವ ಪ್ರಾಣಿಯಲ್ಲ. ನಾನೂ ಅಲ್ಲ. ಮೊದಲನೆಯದು ನನ್ನ ಎದೆಯ ಹತ್ತಿರ ಬಂದು ನಿಂತು, ನನ್ನ ಮುಖಕ್ಕೆ ಉಸಿರು ಬಿಟ್ಟು, ಇವನು ದಾರಿ ಬಿಡುವವನಲ್ಲ ಎಂದು ಅರ್ಥ ಮಾಡಿಕೊಂಡು, ಮೆಲ್ಲಗೆ ನೂಕತೊಡಗಿತು. ಕಡೆಗೆ ನಾನು ಅದರ ಕುತ್ತಿಗೆಯನ್ನು ತಬ್ಬಿಕೊಂಡು, ಹೋದ ದಾರಿಯಲ್ಲೇ ಹಿಂದು ಹಿಂದಾಗಿ ದಡ ಸೇರಿದೆ.

"ಎಷ್ಟು ಕತ್ತೆ ಇದ್ವುಲಾ?" ಎಂದು ಅಕ್ಕ ನಗುತ್ತಾ ಕೇಳಿದಳು.

"ನಲವತ್ತು," ಎಂದೆ. ಮಾರನೆಯ ಊರಿನಲ್ಲಿ ಅವು ಎಂಬತ್ತಾದವು. ಚಾಮೆ ಎಂಬ ಊರು ಬರುವ ಹೊತ್ತಿಗೆ ಸೇತುವೆ ಹುಣಸೂರು ಬೈಪಾಸಿನಷ್ಟು ಉದ್ದವಾಗಿ, ಹೇಸರಗತ್ತೆಗಳಲ್ಲಿ ಎರಡು ನನ್ನನ್ನು ಕಂಡು ವಾಪಸ್ ಹೋಗಿದ್ದವು.

ಪಿಸಾಂಗಿನ ದಾರಿ

ಇಲ್ಲಿಯವರೆಗೆ ಯಾವುದನ್ನು ನೋಡಿದರೂ ಊರಿಗೆ ಹೋಗಿ ಇದನ್ನು ಎಷ್ಟು ದೊಡ್ಡದು ಮಾಡಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಚಾಮೆ ಬಿಟ್ಟು, ಪಿಸಾಂಗ್ ಎಂಬ ಊರಿನ ಕಡೆಗೆ ಪೈನ್ ಮರಗಳ ನಡುವೆ ಒಂದು ತಿರುವು ತಿರುಗಿದಾಗ ಆ ಲೆಕ್ಕ ನಿಂತುಹೋಯಿತು.

ಒಂದು ಬೆಟ್ಟ, ಇಡೀ ಬೆಟ್ಟ, ಒಂದೇ ಬಂಡೆ. ಒಳಕ್ಕೆ ಬಾಗಿದೆ, ರೊಟ್ಟಿ ಸುಡುವ ಹಂಚನ್ನು ಓರೆಯಾಗಿ ನಿಲ್ಲಿಸಿದ ಹಾಗೆ. ಗಿಡವಿಲ್ಲ, ಬಿರುಕಿಲ್ಲ, ಕಾಲಿಡಲು ಜಾಗವಿಲ್ಲ. ನದಿಯಿಂದ ಎದ್ದು ಮೋಡದೊಳಗೆ ಹೋಗಿದೆ. ಮೋಡ ಸರಿದರೆ ಅದರ ಮೇಲೂ ಇದೆ. ಬೆಟ್ಟದಪುರದ ಬೆಟ್ಟದ ಮೇಲೆ ಇನ್ನೊಂದು ಬೆಟ್ಟದಪುರದ ಬೆಟ್ಟ ಇಟ್ಟು, ಅದರ ಮೇಲೆ ಮತ್ತೊಂದಿಟ್ಟರೂ ಇದರ ಭುಜ ಸಿಗುವುದಿಲ್ಲ ಎನಿಸಿತು. ನಾನು ಇನ್ನೂ ಸ್ವಲ್ಪ ಸೇರಿಸೋಣ ಎಂದು ನೋಡಿದೆ, ಸೇರಿಸಲು ಅಲ್ಲಿ ಸಂದೇ ಇರಲಿಲ್ಲ.

ದೀದಿ ಚೀಲ ಇಳಿಸಿ ಬಂಡೆಗೆ ಕೈ ಮುಗಿದರು. ತಮ್ಮ ಜನರಲ್ಲಿ ಸತ್ತವರ ಜೀವ ಈ ಬಂಡೆಯನ್ನು ಹತ್ತಿಯೇ ಮೇಲಿನ ಲೋಕಕ್ಕೆ ಹೋಗಬೇಕು ಎಂದು ನಂಬಿಕೆ ಎಂದರು. ಅವರ ತಾಯಿಯೂ ಹತ್ತಿದ್ದಾರಂತೆ.

"ಸತ್ಮೇಲೂ ಬುಡಲ್ವಾ ಹತ್ಸದ?" ಎಂದು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. "ನಮ್ಮೂರಲ್ಲೇ ಸಾಯ್ಬೇಕು ಕಣಕ್ಕ. ಮಟ್ಟವಾದ ಜಾಗ."

ಅಕ್ಕ ನಗಲಿಲ್ಲ. ಅವಳು ಬಂಡೆಯನ್ನು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಎಲ್ಲಿ ಕಾಲಿಡಬಹುದು, ಎಲ್ಲಿ ಕೈ ಸಿಗುತ್ತದೆ ಎಂದು ಹುಡುಕುವ ನೋಟ ಅದು. ಅಪ್ಪ ಹೆದರುವುದು ಬೆಟ್ಟಕ್ಕಲ್ಲ, ಈ ನೋಟಕ್ಕೆ.

ಆ ಬಂಡೆಯ ಆಚೆಗೆ ದೇಶವೇ ಬದಲಾಯಿತು. ಮರಗಳು ಕಡಿಮೆಯಾದವು, ನೆಲ ಅಗಲವಾಯಿತು, ಗಾಳಿ ಒಣಗಿತು. ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳು ದಾರಿಯ ಮಧ್ಯದಲ್ಲಿ ಬರುತ್ತವೆ. ಜನ ಅವನ್ನು ತಮ್ಮ ಬಲಕ್ಕೆ ಬಿಟ್ಟೇ ನಡೆಯುತ್ತಾರೆ. ಮುದುಕಿಯೊಬ್ಬಳು ಬೆನ್ನ ಮೇಲೆ ಸೌದೆಯ ಹೊರೆ ಹೊತ್ತು ಓಡುತ್ತಿದ್ದಳು. ಆಕೆಯೂ ಓಟ ಬಿಡದೆ ಬಳಸಿ ಬಂದಳು. ನಮ್ಮ ಕಡೆ ಅರಳಿಕಟ್ಟೆ ಸುತ್ತುವವರು ಬೇರೆ ಕೆಲಸ ಬಿಟ್ಟು ಸುತ್ತುತ್ತಾರೆ. ಇವರು ಕೆಲಸಕ್ಕೆ ಹೋಗುವ ದಾರಿಯಲ್ಲೇ ಮುಗಿಸಿಕೊಳ್ಳುತ್ತಾರೆ.

ಬಿಳಿಯ ಬೆಟ್ಟಗಳು ಈಗ ನೆರೆಮನೆಯವರ ಹಾಗೆ ಎದುರಿಗೇ ನಿಂತಿದ್ದವು. ಮನಾಂಗ್ ಎಂಬ ಊರಲ್ಲಿ ಒಂದು ದಿನ ಸುಮ್ಮನೆ ಕೂತೆವು. ಮೈ ಎತ್ತರಕ್ಕೆ ಒಗ್ಗಬೇಕಂತೆ. ಊರಿನ ಎದುರು ಹಿಮದ ನಾಲಿಗೆಯೊಂದು ಬೆಟ್ಟದಿಂದ ಇಳಿದು ಕೆರೆಗೆ ಬಾಯಿ ಹಾಕಿದೆ. ಬಿಸಿಲೇರಿದಾಗ ಅದು ಒಳಗಿಂದ ಗುಡುಗುತ್ತದೆ. ಆಕಾಶದಲ್ಲಿ ಒಂದು ಮೋಡವಿಲ್ಲದೆ ಗುಡುಗು ಕೇಳಿದರೆ ನಾನು ಮಂಚದ ಕೆಳಗೆ ಹೋಗುವವನಲ್ಲ. ಅಲ್ಲಿಗೆ ಹೋದದ್ದು ಚಪ್ಪಲಿ ಹುಡುಕಲು.

ಪ್ರತಿ ಸಂಜೆ ದೀದಿ ಒಂದೇ ಪ್ರಶ್ನೆ ಕೇಳುತ್ತಿದ್ದರು, ತಲೆನೋವು ಇದೆಯಾ ಎಂದು. ನಾನು ಪ್ರತಿ ಸಂಜೆ, ನಮ್ಮ ವಂಶದಲ್ಲೇ ಯಾರಿಗೂ ತಲೆನೋವು ಬಂದಿಲ್ಲ, ನಮ್ಮ ತಾತ ತಲೆಯ ಮೇಲೆ ಜಂತೆ ಬಿದ್ದಾಗ ಜಂತೆಯನ್ನು ಸಮಾಧಾನ ಮಾಡಿದವರು ಎಂದು ಹೇಳುತ್ತಿದ್ದೆ. ಅಕ್ಕ ಅದನ್ನು ಹಿಂದಿಗೆ ತಿರುಗಿಸಲು ಆಗದೆ, "ಇಲ್ವಂತೆ," ಎನ್ನುತ್ತಿದ್ದಳು.

ಯಾಕ್ ಖರ್ಕ

ಯಾಕ್‌ಗಳು ಮೇಯುವ ಬಯಲಿನಲ್ಲಿ ನಾಲ್ಕಾರು ಕಲ್ಲಿನ ಮನೆಗಳು. ಒಂದರ ಒಳಗೆ ಒಲೆಯ ಪಕ್ಕ ಕೂತೆವು. ದೊಡ್ಡ ಮುಖದ ಗಂಡಸೊಬ್ಬ ಬೆಣ್ಣೆ ಹಾಕಿದ ಉಪ್ಪು ಚಹಾ ತಂದಿಟ್ಟ. ಒಂದು ಗುಟುಕು ಕುಡಿದೆ.

"ಅಕ್ಕ, ಇದು ಟೀ ಅಲ್ಲ ಕಣೇ. ಯಾರೋ ದೀಪ ಆರ್ಸಿ ಎಣ್ಣೆ ಬಗ್ಸವ್ರೆ. ಆ ಮನ್ಸನ ಮಕ ನೋಡು, ಅವ್ನೂ ಕುಡಿದಂಗಿಲ್ಲ."

ಆ ಗಂಡಸು ಕೆಟಲ್ ಹಿಡಿದು ವಾಪಸ್ ಬಂದ. "ನಾನೂ ಕುಡಿಯಲ್ಲ ಕಣ್ಲಾ," ಎಂದ. "ನಂಗೆ ಪಿರಿಯಾಪಟ್ಣದ ಬಸ್‌ಸ್ಟ್ಯಾಂಡ್ ಟೀನೇ ಆಗ್ಬೇಕು."

ನನ್ನ ಕೈಯ ಲೋಟ ನನ್ನ ತೊಡೆಯ ಮೇಲೆ ಮಗುಚಿಕೊಂಡಿತು.

ಅವರ ಹೆಸರು ಕರ್ಮ. ಚಿಕ್ಕಂದಿನಲ್ಲಿ ಮನೆಯವರು ಅವರನ್ನು ಬೈಲಕುಪ್ಪೆಯ ಮಠಕ್ಕೆ ಓದಲು ಕಳಿಸಿದ್ದರಂತೆ. ಮಠದ ಮುಸುಕಿನ ಜೋಳದ ಹೊಲಕ್ಕೆ ಕೂಲಿಗೆ ಬರುತ್ತಿದ್ದ ನಮ್ಮ ಕಡೆಯ ಹೆಂಗಸರಿಂದ ಕನ್ನಡ ಕಲಿತರಂತೆ. ಆಮೇಲೆ ಕಾಷಾಯ ಬಿಟ್ಟು, ಊರಿಗೆ ಬಂದು, ಮದುವೆಯಾಗಿ ಈ ವಸತಿ ನಡೆಸುತ್ತಿದ್ದಾರೆ. ನಮ್ಮ ಹತ್ತಿರ ರಾಗಿಹಿಟ್ಟಿದೆ ಎಂದು ತಿಳಿದದ್ದೇ ಅವರೇ ಒಲೆಗೆ ನೀರಿಟ್ಟರು. ಬಂದ ಮುದ್ದೆ ಹೊರಗೆ ಗುಂಡಗೆ, ಒಳಗೆ ಸ್ವಲ್ಪ ಹಸಿ. ಆದರೂ ಕಣ್ಣು ಮುಚ್ಚಿ ನುಂಗಿದರು.

"ಇಲ್ಲಿ ಸರಿಯಾಗಿ ಬೇಯಲ್ಲ ಕಣವ್ವ," ಎಂದು ಅಕ್ಕನಿಗೆ ಹೇಳಿದರು. "ಎತ್ರಕ್ಕೆ ಓದಂಗೆಲ್ಲ ನೀರು ಸುಮ್ಕೆ ಕುದಿತದೆ, ಬಿಸಿ ಇರಲ್ಲ. ಮೇಲೆ ಮಾಡಕ್ಕೋಗ್ಬ್ಯಾಡಿ."

"ಚೆನ್ನಾಗಿ ತಿರುವುದ್ರೆ ಬೇಯ್ತದೆ ಬುಡಿ ಅಣ್ಣ," ಎಂದಳು ಅಕ್ಕ.

ಫೇದಿ

ಫೇದಿ ಎಂದರೆ ಬೆಟ್ಟದ ಬುಡ. ಅಲ್ಲಿಂದ ಮುಂದೆ ಥೊರಾಂಗ್ ಲಾ. 'ಲಾ' ಎಂದರೆ ಅವರಲ್ಲಿ ಎರಡು ಶಿಖರಗಳ ನಡುವೆ ಬೆಟ್ಟ ದಾಟುವ ಕಣಿವೆ. ಬುಡ ಎನ್ನುವ ಈ ಜಾಗವೇ ನಮ್ಮ ರಾಜ್ಯದ ಯಾವ ಬೆಟ್ಟದ ತಲೆಗಿಂತಲೂ ಎಷ್ಟೋ ಎತ್ತರ. ಇಲ್ಲಿ ಶೂ ದಾರ ಕಟ್ಟಿಕೊಂಡು ಎದ್ದು ನಿಂತರೆ ಓಡಿ ಬಂದವರ ಹಾಗೆ ಏದುಸಿರು.

ನಾಳೆ ಕಣಿವೆ. ತಮ್ಮನಿಗೆ ಬಲ ಬರಬೇಕು ಎಂದು ಅಕ್ಕ ಅಡುಗೆಮನೆಯವರನ್ನು ಕಾಡಿ ಬೇಡಿ ಒಲೆ ಪಡೆದಳು. ನೀರು ಇಟ್ಟ ತಕ್ಷಣ ಕುಣಿಯತೊಡಗಿತು. ಹಿಟ್ಟು ಸುರಿದು ಕೋಲಿನಲ್ಲಿ ತಿರುವಿದಳು. ತಿರುವಿದಳು, ತಿರುವಿದಳು, ಕೆ.ಆರ್. ನಗರದ ಗದ್ದೆಯನ್ನೆಲ್ಲ ಉಳುವಷ್ಟು ತಿರುವಿದಳು. ಬಂದದ್ದು ಮುದ್ದೆಯಲ್ಲ, ಮಳೆಯಲ್ಲಿ ನೆನೆದ ಮಣ್ಣಿನ ಹೆಂಟೆ. ಮುರಿದರೆ ಒಳಗೆ ಹಿಟ್ಟು ಹಾರಿತು. ದೀದಿ ತಟ್ಟೆ ನೋಡಿ ಬೇಡ ಎಂದು ಕೈಯಾಡಿಸಿದರು. ಆದರೆ ಮುದ್ದೆಯನ್ನು ಎದುರಿಗಿಟ್ಟ ಮೇಲೆ ಬಿಟ್ಟು ಏಳುವವರು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಸಾರಿಲ್ಲದೆ, ನೂಡಲ್ಸ್ ನೀರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ.

ಸಂಜೆ ಅಷ್ಟೂ ಹೊರಗೆ ಬಂತು.

"ಹಸಿ ಹಿಟ್ಟು ಕಣ್ಲಾ," ಎಂದು ಅಕ್ಕ ಬೆನ್ನು ನೀವಿದಳು. "ನಂದೇ ತಪ್ಪು. ಬಿಸಿನೀರು ಕುಡ್ದು ಮನೀಕೊ."

ದೀದಿ ಬಂದು ತಲೆನೋವು ಕೇಳಿದರು. ತಲೆ ಸಣ್ಣಗೆ ಸಿಡಿಯುತ್ತಿತ್ತು. ವಾಂತಿ ಮಾಡಿದವನಿಗೆ ತಲೆ ಸಿಡಿಯದೆ ಏನು, ಎಲ್ಲ ಆ ಮುದ್ದೆಯ ಕೆಲಸ ಎಂದು ಅಕ್ಕನೂ ಹೇಳಿದಳು, ನಾನೂ ಹೇಳಿದೆ. ಊರಿನಲ್ಲಿ ಹೊಟ್ಟೆ ಕೆಟ್ಟರೆ ಏನು ತಿಂದೆ ಎಂದು ಕೇಳುತ್ತಾರೆ, ಎಲ್ಲಿ ನಿಂತಿದ್ದೀಯ ಎಂದು ಯಾರೂ ಕೇಳುವುದಿಲ್ಲ. ದೀದಿಯೂ ತಟ್ಟೆಯನ್ನು ಕಂಡಿದ್ದರಿಂದ ನಂಬಿದರು.

ಬಾವುಟಗಳ ಕೆಳಗೆ

ಬೆಳಕು ಹರಿಯುವಾಗ ಹೊರಟೆವು. ಕಡಿದಾದ ಏರು. ಅದು ಮುಗಿದ ಮೇಲೆ ಲೋಕ ಬಿಳುಪಾಯಿತು. ಹಿಂದೆ ತಿರುಗಿದರೆ, ನಾವು ಬಂದ ಕಮರಿ, ಆ ಗರ್ಜಿಸುವ ನದಿ, ಆ ಮಹಾ ಬಂಡೆ, ಎಲ್ಲವೂ ನೀಲಿ ನೆರಳಿನೊಳಗೆ ಒಂದು ಮಡಿಕೆಯಾಗಿ ಹೋಗಿದ್ದವು. ಎದುರಿಗೆ ಶಿಖರಗಳಿಗೆ ಒಂದೊಂದಾಗಿ ಬಿಸಿಲು ಹತ್ತಿಕೊಳ್ಳುತ್ತಿತ್ತು. ಮೊದಲು ತುದಿ ಕೆಂಡದಂತೆ ಕೆಂಪು, ಆಮೇಲೆ ಆ ಕೆಂಪು ಕೆಳಗಿಳಿಯುತ್ತಾ ಚಿನ್ನ, ಆಮೇಲೆ ಬೆಳ್ಳಗೆ. ಸದ್ದೇ ಇಲ್ಲ. ಅಷ್ಟು ದೊಡ್ಡ ಕೆಲಸ ನಡೆಯುತ್ತಿದೆ, ಒಂದು ಚಿಟುಕು ಸದ್ದಿಲ್ಲ. ನನ್ನ ಎದೆ ಬಡಿಯುವುದು ಮಾತ್ರ ಕಿವಿಯಲ್ಲಿ ಕೇಳುತ್ತಿತ್ತು.

ಇದೆಲ್ಲ ಈಗ ನೆನಪಾಗುತ್ತಿದೆ. ಆಗ ನಾನು ನೋಡಿದ್ದು ಅಕ್ಕನ ಶೂವಿನ ಹಿಮ್ಮಡಿಯನ್ನು. ಅದು ಎದ್ದರೆ ನಾನೂ ಕಾಲೆತ್ತುವುದು, ಅದು ಊರಿದರೆ ನಾನೂ ಊರುವುದು.

ದಾರಿಯಲ್ಲಿ ಒಂದು ಚಹಾದ ಗುಡಿಸಲು. ಅಲ್ಲಿ ಕೂತಾಗ ದೀದಿ ಮೇಲೆ ಕೈ ತೋರಿಸಿದರು. ದೂರದ ದಿಬ್ಬದ ಮೇಲೆ ಬಣ್ಣದ ಚುಕ್ಕಿಗಳು ಅಲುಗುತ್ತಿದ್ದವು. ಕಣಿವೆಯ ತಲೆಯಲ್ಲಿ ಕಟ್ಟಿದ ಪ್ರಾರ್ಥನೆಯ ಬಾವುಟಗಳು. ಅಕ್ಕನ ಮುಖ ಹಬ್ಬವಾಯಿತು. ಅಲ್ಲಿಗೆ ಹೋದರೆ ಟ್ರೈನಿಂಗ್.

ಅವಳು ನನ್ನ ಭುಜ ತಟ್ಟಿದಳು. "ನೋಡ್ಲಾ ಅಲ್ಲಿ. ಊರಿಗೋಗಿ ಇದನ್ನ ಎಂಗ್ಲಾ ಯೋಳ್ತೀಯ?"

"ಬೆಟ್ಟ ಅಂತ," ಎಂದೆ.

"ಅಷ್ಟೇನಾ?"

"ಹೂಂ. ಬೆಟ್ಟ ಅದೆ. ಹಿಮ ಅದೆ."

ಅಕ್ಕನ ಕೈ ಭುಜದ ಮೇಲೆಯೇ ನಿಂತಿತು. ಅವಳು ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಕಣ್ಣು ನೋಡಿದಳು.

"ಜಗತ್ ಸೇತ್ವೆ ಮೇಲೆ ಎಷ್ಟು ಕತ್ತೆ ಇದ್ವು?"

"ಆರೋ ಏಳೋ."

"ನಿನ್ನ ಕಂಡು ಎಷ್ಟು ವಾಪಸ್ ಓದ್ವು?"

"ಒಂದೂ ಓಗ್ನಿಲ್ಲ. ನನ್ನೇ ತಳ್ಳುದ್ವು."

ಅಕ್ಕ ಎದ್ದು ನಿಂತಳು. ಅವಳ ಮುಖದ ಹಬ್ಬ ಮುಗಿದಿತ್ತು. "ದೀದಿ," ಎಂದು ಕರೆದು, ತನಗೆ ಬಂದ ಹಿಂದಿಯಲ್ಲಿ, ಇವನು ಸರಿ ಇಲ್ಲ, ಇವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾನೆ ಎಂದಳು. ದೀದಿಗೆ ಅದರಲ್ಲಿ ತೊಂದರೆ ಏನೆಂದು ತಿಳಿಯಲಿಲ್ಲ. ಆದರೂ ನನ್ನನ್ನು ಎಬ್ಬಿಸಿ, ಹಿಮದ ಮೇಲೆ ಕೋಲಿನಿಂದ ಗೆರೆ ಎಳೆದು, ಒಂದರ ಮುಂದೆ ಒಂದು ಹೆಜ್ಜೆ ಇಡು ಎಂದರು. ಮೂರನೆಯ ಹೆಜ್ಜೆಗೆ ನಾನು ಹೆಂಡ ಕುಡಿದವನ ಹಾಗೆ ಪಕ್ಕಕ್ಕೆ ಹೋಗಿ ಅವರ ತೋಳಿಗೆ ಬಿದ್ದೆ. ದೀದಿ ಮುದ್ದೆಯ ಮಾತು ಬಿಟ್ಟರು. ಎತ್ತರ ಇವನ ತಲೆಗೆ ಹೋಗಿದೆ, ಇಳಿಸಬೇಕು ಎಂದರು.

ಗುಡಿಸಲಿನ ಹತ್ತಿರ ಕುದುರೆ ಹಿಡಿದ ಒಬ್ಬನಿದ್ದ. ಅವನು ಬಾವುಟಗಳ ಕಡೆ ಕೈ ಮಾಡಿ, ಹುಡುಗನನ್ನು ಕುದುರೆಗೆ ಹತ್ತಿಸಿ, ಅಷ್ಟೇ ದೂರ, ಆಮೇಲೆ ಆ ಕಡೆ ಬರೀ ಇಳಿಜಾರು ಎಂದ. ದೀದಿ ಅಪಾಯ ಎಂದರು. ಹಾಗೆ ಹತ್ತಿಸಿಕೊಂಡು ದಾಟಿದ ಎಷ್ಟೋ ಜನರನ್ನು ನೋಡಿದ್ದೇನೆ ಎಂದು ಅವನು ನಕ್ಕ. ದಾಟದೇ ಹೋದವರನ್ನು ನಾನೂ ನೋಡಿದ್ದೇನೆ ಎಂದು ದೀದಿ ಗದರಿದರು.

ಅಕ್ಕ ಬಾವುಟಗಳನ್ನೇ ನೋಡುತ್ತಿದ್ದಳು. ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ. ಆ ನೋಟ. ಗಾಳಿ ಎದ್ದಿತ್ತು. ಅವಳ ರೆಪ್ಪೆಗಳ ಮೇಲೆ ಹಿಮದ ಪುಡಿ ಕೂತಿತ್ತು.

"ಅಕ್ಕ, ನಾನು ಬತ್ತೀನಿ," ಎಂದೆ. ನಾಲಿಗೆ ದಪ್ಪವಾಗಿತ್ತು. "ಕುದ್ರೆ ಮ್ಯಾಲೆ ಕುಂತ್ಕತೀನಿ. ಇಲ್ದಿದ್ರೆ ಬಿಎಡ್ ಆಯ್ತದೆ ಕಣಕ್ಕ."

"ಬಾಯ್ಮುಚ್ಕೊಂಡು ಇಳಿ," ಎಂದಳು.

ಕುದುರೆಯ ತಲೆಯನ್ನು ಅವಳೇ ಹಿಡಿದು ಕೆಳಗಿನ ದಾರಿಗೆ ತಿರುಗಿಸಿದಳು. ನನ್ನನ್ನು ಅದರ ಬೆನ್ನ ಮೇಲೆ ಮೂಟೆಯಂತೆ ಹಾಕಿದರು. ಅಕ್ಕ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ನನಗೆ ಗೊತ್ತು, ಏಕೆಂದರೆ ನನ್ನ ತಲೆ ಅವಳ ಕಡೆಗೇ ತೂಗಾಡುತ್ತಿತ್ತು.

ಇಳಿದಂತೆಲ್ಲ ತಲೆಯೊಳಗಿನ ಸುತ್ತಿಗೆ ನಿಧಾನವಾಯಿತು. ಫೇದಿ ದಾಟಿ ಯಾಕ್ ಖರ್ಕದ ಬಯಲು ಕಾಣುವ ಹೊತ್ತಿಗೆ ನಾನು ಎದ್ದು ಕೂತಿದ್ದೆ.

"ಅಕ್ಕ," ಎಂದೆ, "ಇದು ಕುದ್ರೆನಾ? ಹಂಪಾಪುರದಲ್ಲಿ ಮಾವನ ಮನೆ ಕುಂಟೆತ್ತು ಇದಕ್ಕಿಂತ ಜೋರಾಗೋಯ್ತದೆ. ಒಂದು ಸತಿ ಅದು ಮೈಸೂರು ಬಸ್ಸನ್ನ ಓವರ್‌ಟೇಕ್ ಮಾಡಿ, ಡ್ರೈವರು ಇಳುದು ಬಂದು ಕೈ ಮುಗುದ."

ಅಕ್ಕ ಕುದುರೆಯ ಕುತ್ತಿಗೆಗೆ ಹಣೆ ಒರಗಿಸಿ ನಿಂತುಬಿಟ್ಟಳು. ಅವಳ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮುಖ ಎತ್ತಿದಾಗ ಎರಡೂ ಇತ್ತು.

ಮತ್ತೆ ಕರ್ಮಣ್ಣನ ಒಲೆಯ ಹತ್ತಿರ

ಸಂಜೆಯಾಗುವ ಮೊದಲೇ ಅಪ್ಪನ ಫೋನ್ ಬಂತು. ಅದು ಬರುತ್ತದೆಂದು ಗೊತ್ತಿದ್ದರಿಂದ ನಾನೂ ಕರ್ಮಣ್ಣನೂ ತಯಾರಿ ಮಾಡಿಕೊಂಡಿದ್ದೆವು. "ದಾಟ್ದೋ ಅಂತ ಯೋಳ್ಬುಡು ಮಗ, ನಿಮ್ಮಪ್ಪ ಇಲ್ಲಿಗ್ ಬಂದು ನೋಡ್ತಾರಾ?" ಎಂದು ಅವರೇ ಧೈರ್ಯ ಕೊಟ್ಟಿದ್ದರು. ಆ ಕಡೆಯ ಊರು ಹೇಗಿದೆ, ಮುಕ್ತಿನಾಥದ ಗುಡಿಯ ಹಿಂದೆ ಹಸುವಿನ ಬಾಯಿಂದ ನೀರು ಹೇಗೆ ಬೀಳುತ್ತದೆ, ಎಷ್ಟು ತಣ್ಣಗಿದೆ, ಎಲ್ಲವನ್ನೂ ಹೇಳಿಕೊಟ್ಟಿದ್ದರು. ನಾನು ಅದಕ್ಕೆ ಒಂದು ಹಿಮಚಿರತೆಯನ್ನೂ ಸೇರಿಸಿಕೊಂಡಿದ್ದೆ.

"ದಾಟುದ್ರಾ?" ಎಂದರು ಅಪ್ಪ. ಹಿಂದೆ ಸಸಿ ಮಡಿಗೆ ನೀರು ಬೀಳುವ ಸದ್ದು.

"ಅಪ್ಪ, ಏನ್ ಯೋಳ್ಲಿ, ಆ ಕಣಿವೆ ತುದೀಲಿ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ಇಲ್ಲ ಕಣಪ್ಪ. ದಾಟ್ನಿಲ್ಲ. ಇವನಿಗೆ ಉಸಾರಿಲ್ದಂಗಾಯ್ತು, ಇಳ್ಸ್ಕೊಂಡ್ ಬಂದೆ."

"ಈಗ ಎಂಗವ್ನೆ?"

"ಬಾಯಿ ಬಂದದೆ."

"ಎಷ್ಟು ದೂರ ಇತ್ತು?"

"ತುದಿ ಕಾಣ್ತಿತ್ತು."

"ಕುದ್ರೆ ಗಿದ್ರೆ ಇರ್ನಿಲ್ವಾ?"

"ಇತ್ತು. ಏರ್ಸ್ಕೊಂಡು ದಾಟ್ಬೋದು ಅಂದ್ರು. ನಾನೇ ಬ್ಯಾಡ ಅಂದೆ."

ಆ ಕಡೆ ಅಪ್ಪ ಪಂಪ್ ಆಫ್ ಮಾಡಿದ ಸದ್ದು ಕೇಳಿತು. ಕರ್ಮಣ್ಣ ಒಲೆಗೆ ಸಗಣಿಯ ಬೆರಣಿ ಇಡಲು ಹೋದವರು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಬಿಎಡ್ ಕಾಲೇಜಿನ ಸೀರೆಯಲ್ಲಿ ಅಕ್ಕ ಪಿರಿಯಾಪಟ್ಟಣದ ಬಸ್ಸಿಗೆ ಕಾಯುವುದು ನನ್ನ ಕಣ್ಣಿಗೆ ಕಟ್ಟಿತು.

"ಅತ್ತಾ?" ಎಂದರು ಅಪ್ಪ.

"ವಸಿ."

"ಆ ಟ್ರೈನಿಂಗು ಯಾವಾಗ?"

ಅಕ್ಕನಿಗೆ ಅರ್ಥವಾಗಲಿಲ್ಲ. "ದಾಟ್ನಿಲ್ವಲ್ಲಪ್ಪ," ಎಂದಳು.

"ಕೇಳ್ದಷ್ಟು ಯೋಳು."

"ಮಳೆಗಾಲ ಕಳುದ್ಮೇಲೆ."

"ಸೊಪ್ಪು ಬೇಯ್ಸೋ ಟೈಮು. ನಂಗೆ ಬ್ಯಾರನ್ ಬುಟ್ಟು ಬರಕ್ಕಾಗಲ್ಲ. ಮೈಸೂರ್ ತಂಕ ಬಂದು ರೈಲಿಗೆ ಅತ್ತುಸ್ತೀನಿ. ಅಲ್ಲಿಂದ ನೀನೊಬ್ಳೇ ಓಗು." ಆಮೇಲೆ, "ಅವನಿಗೆ ಅನ್ನ ತಿನ್ಸು," ಎಂದು ಇಟ್ಟುಬಿಟ್ಟರು.

ಅಕ್ಕ ಫೋನನ್ನು ನನ್ನ ಮಡಿಲಿಗೆ ಹಾಕಿ ಹೊರಗೆ ಹೋದಳು. ಸ್ವೆಟರ್ ಕೂಡ ಹಾಕಿಕೊಳ್ಳಲಿಲ್ಲ. ಕರ್ಮಣ್ಣ ಒಂದು ಲೋಟ ಚಹಾ ಬಗ್ಗಿಸಿ, ಈ ಸಲ ಸಕ್ಕರೆ ಹಾಕಿ, ಕೊಟ್ಟು ಬಾ ಎಂದು ನನ್ನ ಕೈಯಲ್ಲಿಟ್ಟರು.

ಅವಳು ಕಲ್ಲಿನ ಕಟ್ಟೆಯ ಹತ್ತಿರ ಕಣಿವೆಯ ಕಡೆ ಮುಖ ಮಾಡಿ ನಿಂತಿದ್ದಳು. ಬಯಲಿಗೆ ಆಗಲೇ ನೆರಳು ಬಿದ್ದಿತ್ತು. ಯಾಕ್‌ಗಳು ಕಪ್ಪು ಗುಡ್ಡೆಗಳಾಗಿ ಮಲಗಿದ್ದವು. ಮೇಲೆ ಮಾತ್ರ ಇನ್ನೂ ಹಗಲು. ಹಿಮದ ಗೋಡೆಗಳು ಒಂದರ ಹಿಂದೆ ಒಂದು ಎದ್ದು, ಕೆಂಪಾಗಿ, ಇಡೀ ಆಕಾಶವನ್ನು ತುಂಬಿಕೊಂಡಿದ್ದವು. ತುದಿಯಿಂದ ಗಾಳಿ ಹಿಮದ ಪುಡಿಯನ್ನು ಹಾರಿಸುತ್ತಿತ್ತು, ಅದು ಹೊಳೆಯುತ್ತಾ ಆಕಾಶದಲ್ಲಿ ಉದ್ದಕ್ಕೆ ಹರಡಿ ಮಾಯವಾಗುತ್ತಿತ್ತು. ಬೆಳಿಗ್ಗೆ ನಾವು ಅದರ ಮಡಿಲಿನಲ್ಲಿದ್ದೆವು. ನಾನು ಲೋಟ ಹಿಡಿದು ಪಕ್ಕದಲ್ಲಿ ನಿಂತೆ.

ಎಷ್ಟು ಹೊತ್ತು ನಿಂತಿದ್ದೆನೋ. ಅಕ್ಕ ಗಕ್ಕನೆ ತಿರುಗಿ ನನ್ನ ಹಣೆಯ ಮೇಲೆ ಕೈ ಇಟ್ಟಳು.

"ಯಾಕ್ಲಾ ಸುಮ್ಕಿದ್ದೀಯ? ತಲೆ ನೋಯ್ತದಾ?"

"ಇಲ್ಲ ಕಣಕ್ಕ," ಎಂದೆ. "ನೋಡ್ತಾ ಇವ್ನಿ."